ಅರವತ್ತೈದರ ಗೆರೆ

ಬ್ರಿಟನ್ನಿನ ಒಂದೇ ಬೀದಿಯಲ್ಲಿ ಇಬ್ಬರು ವಾಸವಾಗಿದ್ದಾರೆಂದು ಭಾವಿಸೋಣ. ಇಬ್ಬರಿಗೂ ಪಾರ್ಶ್ವವಾಯು ಬಡಿದು ನಡೆಯುವ ಶಕ್ತಿ ಕುಂದಿದೆ. ಒಬ್ಬರಿಗೆ ಅದು ಬಂದದ್ದು 64ನೆಯ ವಯಸ್ಸಿನಲ್ಲಿ, ಇನ್ನೊಬ್ಬರಿಗೆ 68ರಲ್ಲಿ. ಸಕಾಲದಲ್ಲಿ ಅರ್ಜಿ ಹಾಕಿದ ಮೊದಲನೆಯವರಿಗೆ ಓಡಾಟದ ವೆಚ್ಚಕ್ಕೆಂದು ಸರ್ಕಾರದಿಂದ ಪ್ರತ್ಯೇಕ ಹಣ ಸಿಗಬಹುದು. ಎರಡನೆಯವರಿಗೆ ಅದು ಸಿಗುವುದಿಲ್ಲ. ಕಾಯಿಲೆಯೂ ಒಂದೇ, ಕಷ್ಟವೂ ಒಂದೇ. ಹಾಗಿದ್ದರೆ ಈ ಭೇದ ಹುಟ್ಟಿದ್ದು ಹೇಗೆ?

ಇದರ ಬೇರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿದೆ. 1908ರ ಕಾಯಿದೆಯಂತೆ 1909ರ ಜನವರಿ 1ರಿಂದ ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ ಗರಿಷ್ಠ 5 ಷಿಲಿಂಗ್ ಪಿಂಚಣಿ ದೊರೆಯಿತು. ಲಾಯ್ಡ್ ಜಾರ್ಜ್ ಅವರು ತಂದ 1911ರ ರಾಷ್ಟ್ರೀಯ ವಿಮಾ ಕಾಯಿದೆ, ಕಾಯಿಲೆ ಬಿದ್ದ ಕಾರ್ಮಿಕನಿಗೆ 26 ವಾರಗಳವರೆಗೆ ವಾರಕ್ಕೆ 10 ಷಿಲಿಂಗ್, ಅನಂತರವೂ ದುಡಿಯಲಾಗದಿದ್ದರೆ 5 ಷಿಲಿಂಗ್ ಕೊಟ್ಟಿತು. ಎಪ್ಪತ್ತು ತುಂಬಿದೊಡನೆ ಈ ವಿಮಾ ನೆರವು ನಿಲ್ಲುತ್ತಿತ್ತು. ಅಲ್ಲಿಂದಾಚೆಗೆ ಪಿಂಚಣಿಯ ಹೊಣೆ. ಅಂಗವೈಕಲ್ಯದ ನೆರವು ಎಂದರೆ ಕೈತಪ್ಪಿದ ಕೂಲಿಗೆ ಬದಲು ಎಂಬ ಭಾವನೆ ಇಲ್ಲಿಯೇ ಬೇರೂರಿತು. ಕೂಲಿಯ ವಯಸ್ಸು ಮುಗಿದ ಮೇಲೆ ಕೂಲಿಯ ಬದಲು ಏಕೆ ಎಂಬುದು ಅದರ ತರ್ಕ.

ಬೆವರಿಜ್ ವರದಿಯನ್ನು ಆಧರಿಸಿ 1948ರ ಜುಲೈ 5ರಂದು ಜಾರಿಗೆ ಬಂದ ವ್ಯವಸ್ಥೆಯಲ್ಲಿಯೂ ಈ ತರ್ಕವೇ ಮುಂದುವರಿಯಿತು. ಆಗ ಪಿಂಚಣಿಯ ವಯಸ್ಸು ಗಂಡಸರಿಗೆ 65, ಹೆಂಗಸರಿಗೆ 60. 1971ರಲ್ಲಿ ಬಂದ ‘ಇನ್‌ವ್ಯಾಲಿಡಿಟಿ ಬೆನಿಫಿಟ್’ ಮಾತ್ರ ಸ್ವಲ್ಪ ಸಡಿಲ ಬಿಟ್ಟಿತು. ನಿವೃತ್ತಿಯನ್ನು ಮುಂದೂಡಿದವರು ಪಿಂಚಣಿ ವಯಸ್ಸು ದಾಟಿ ಐದು ವರ್ಷದವರೆಗೆ ಅದನ್ನೇ ಪಡೆಯಬಹುದಿತ್ತು. ಪಿಂಚಣಿಗೆ ಆದಾಯ ತೆರಿಗೆ ಉಂಟು, ಇದಕ್ಕೆ ಇರಲಿಲ್ಲ. ಆದ್ದರಿಂದ ಪಿಂಚಣಿ ಬೇಡ, ಇದೇ ಇರಲಿ ಎಂದವರು ಅನೇಕರು. 1995ರ ಏಪ್ರಿಲ್‌ನಲ್ಲಿ ಹೊಸ ಯೋಜನೆ ಬಂದಾಗ ಈ ಬಾಗಿಲು ಹೊಸಬರಿಗೆ ಮುಚ್ಚಿತು.

ಆದರೆ ಅಂಗವಿಕಲರ ಕಷ್ಟ ಕೂಲಿ ತಪ್ಪುವುದರಲ್ಲಿಯೇ ಮುಗಿಯುವುದಿಲ್ಲ. ಸ್ನಾನಕ್ಕೆ ಸಹಾಯಕರು ಬೇಕು, ಹೊರಗೆ ಹೋಗಲು ವಾಹನ ಬೇಕು. ಈ ಹೆಚ್ಚಿನ ಖರ್ಚಿಗೆ ವಯಸ್ಸಿನ ಹಂಗಿಲ್ಲ. ಇದನ್ನು ಮನಗಂಡು 1971ರ ಡಿಸೆಂಬರ್‌ನಿಂದ ‘ಅಟೆಂಡೆನ್ಸ್ ಅಲೋವನ್ಸ್’, ಅಂದರೆ ಪರಿಚರ್ಯೆಯ ಭತ್ಯ ಆರಂಭವಾಯಿತು. ಇದು ವೃದ್ಧರಿಗೂ ದೊರೆಯಿತು.

ಓಡಾಟದ ಕಥೆ ಬೇರೆ. ಅದುವರೆಗೆ ಸರ್ಕಾರ ತಿಳಿನೀಲಿ ಬಣ್ಣದ, ಒಬ್ಬರೇ ಕೂರುವ ಮೂರು ಚಕ್ರದ ವಾಹನವನ್ನು ಕೊಡುತ್ತಿತ್ತು. 1976ರಲ್ಲಿ ಅದರ ಬದಲು ‘ಮೊಬಿಲಿಟಿ ಅಲೋವನ್ಸ್’ ಬಂತು. ಇದು ಮೊದಲು ಪಿಂಚಣಿ ವಯಸ್ಸಿಗೇ ನಿಲ್ಲುತ್ತಿತ್ತು. ಒತ್ತಾಯ ಹೆಚ್ಚಿದಂತೆ ಈಗಾಗಲೇ ಪಡೆಯುತ್ತಿದ್ದವರಿಗೆ ಮಿತಿಯನ್ನು 75ಕ್ಕೆ, ಬಳಿಕ 80ಕ್ಕೆ ಏರಿಸಲಾಯಿತು. ಹೊಸ ಅರ್ಜಿಗೆ ಮಾತ್ರ ಗೆರೆ ಕದಲಲಿಲ್ಲ.

1992ರ ಏಪ್ರಿಲ್‌ನಲ್ಲಿ 65ಕ್ಕಿಂತ ಕಿರಿಯರಿಗಾಗಿ ಎರಡನ್ನೂ ಸೇರಿಸಿ ‘ಡಿಸಬಿಲಿಟಿ ಲಿವಿಂಗ್ ಅಲೋವನ್ಸ್’ ರೂಪುಗೊಂಡಿತು. 65ರೊಳಗೆ ಅದನ್ನು ಪಡೆದವರಿಗೆ ಅದು ಮುಂದೆಯೂ ಉಳಿಯಿತು. ಆ ಬಳಿಕ ಬಂದವರಿಗೆ ಪರಿಚರ್ಯೆಯ ಭತ್ಯವೊಂದೇ ಗತಿ. ಅದರಲ್ಲಿ ಓಡಾಟದ ಪಾಲಿಲ್ಲ. ಎಳೆ ವಯಸ್ಸಿನಲ್ಲಿ ಅಂಗವಿಕಲರಾದವರಿಗೆ ದುಡಿದು ಕೂಡಿಡುವ ಅವಕಾಶವೇ ಇರಲಿಲ್ಲ, ಅವರಿಗೆ ಆದ್ಯತೆ ಸಲ್ಲಬೇಕು ಎಂಬುದು ಸರ್ಕಾರಗಳ ಸಮರ್ಥನೆ. ಮಾತು ನಿಜವೇ. ಆದರೆ 64ರಲ್ಲಿ ಕಾಯಿಲೆ ಬಿದ್ದವರೂ ನಲವತ್ತು ವರ್ಷ ದುಡಿದವರೇ ಅಲ್ಲವೇ?

2013ರ ಏಪ್ರಿಲ್‌ನಲ್ಲಿ ದುಡಿಯುವ ವಯಸ್ಸಿನವರಿಗೆ ‘ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್’ ಬಂತು. ಆ ತಿಂಗಳ 8ರಂದು 65 ತುಂಬಿದ್ದವರು ಹಳೆಯ ಭತ್ಯದಲ್ಲಿಯೇ ಉಳಿದರು. ಅಷ್ಟರಲ್ಲಿ ಪಿಂಚಣಿ ವಯಸ್ಸೇ ಚಲಿಸತೊಡಗಿತ್ತು. 2018ರ ಕೊನೆಗೆ ಹೆಂಗಸರಿಗೂ 65 ಆಯಿತು, 2020ರ ಅಕ್ಟೋಬರ್‌ಗೆ ಎಲ್ಲರಿಗೂ 66. 2026ರಿಂದ 2028ರೊಳಗೆ ಅದು 67ಕ್ಕೆ ಏರಬೇಕೆಂದು 2014ರ ಕಾಯಿದೆ ವಿಧಿಸಿತು. ಇಲ್ಲೊಂದು ವಿಚಿತ್ರವಿದೆ. ಪಿಂಚಣಿ ತಡವಾದುದು ಅಶಕ್ತರಿಗೆ ನಷ್ಟ. ಆದರೆ ಓಡಾಟದ ನೆರವು ಕೇಳುವ ಬಾಗಿಲು ಅಷ್ಟೇ ಕಾಲ ಹೆಚ್ಚು ತೆರೆದಿರುವುದು ಲಾಭ. ಒಂದೇ ಕಾಯಿದೆ ಒಂದು ಕೈಯಿಂದ ಕಸಿದು ಇನ್ನೊಂದು ಕೈಯಿಂದ ಕೊಟ್ಟಿದೆ.

1960 ಮತ್ತು 70ರ ದಶಕಗಳಲ್ಲಿ ವೈದ್ಯರಾಗಿ ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರೂ ಈ ಗೆರೆಯನ್ನು ದಾಟಿದ್ದಾರೆ. ಊರಿಗೆ ಮರಳಿದರೆ ಬ್ರಿಟನ್ನಿನ ಪಿಂಚಣಿ ಬರುತ್ತದೆ, ವರ್ಷ ವರ್ಷದ ಏರಿಕೆ ಇರುವುದಿಲ್ಲ. ಪರಿಚರ್ಯೆಯ ಭತ್ಯವನ್ನು ಭಾರತಕ್ಕೆ ಒಯ್ಯುವಂತೆಯೇ ಇಲ್ಲ.

ಸ್ಕಾಟ್ಲೆಂಡಿನಲ್ಲಿ ಪರಿಚರ್ಯೆಯ ಭತ್ಯದ ಬದಲು ಹೊಸ ಹೆಸರಿನ ಭತ್ಯ 2025ರ ಏಪ್ರಿಲ್‌ನಿಂದ ಎಲ್ಲೆಡೆ ಜಾರಿಗೆ ಬಂದಿದೆ. ಅದರಲ್ಲಿಯೂ ಓಡಾಟದ ಪಾಲನ್ನು ಸೇರಿಸಿಲ್ಲ. 1911ರಲ್ಲಿ ಎಳೆದ ಗೆರೆ ಸ್ಥಳ ಬದಲಿಸುತ್ತ ಬಂದಿದೆಯೇ ಹೊರತು ಅಳಿಸಿಹೋಗಿಲ್ಲ. ಹೀಗಾಗಿ ಪಿಂಚಣಿಯ ಹೊಸ್ತಿಲಲ್ಲಿರುವ ಅಶಕ್ತರಿಗೆ ಈ ಇತಿಹಾಸ ಹೇಳುವ ಬುದ್ಧಿಮಾತು ಸರಳವಾದುದು: ಅರ್ಜಿಯನ್ನು ಆ ಹುಟ್ಟುಹಬ್ಬಕ್ಕೆ ಮುನ್ನವೇ ಹಾಕಬೇಕು.