ಕೊಂಡಿಯಿಂದ ಶೀರ್ಷಿಕೆ: ಕನ್ನಡ ಪುಟಗಳ ತೊಡಕು

ಅಂತರಜಾಲ ಪುಟವೊಂದರ ಕೊಂಡಿಯಿಂದ ಅದರ ಶೀರ್ಷಿಕೆಯನ್ನು ಪಡೆಯಲು ಪೈಥಾನ್ ಭಾಷೆಯ ನಾಲ್ಕಾರು ಸಾಲು ಸಾಕು. ಪ್ರೋಗ್ರಾಂ ಸರ್ವರ್‌ನಿಂದ ಪುಟದ ಎಚ್‌ಟಿಎಂಎಲ್ ತರಿಸಿಕೊಂಡು, ‘ಟೈಟಲ್’ ಟ್ಯಾಗ್‌ನೊಳಗಿನ ಪಠ್ಯವನ್ನು ಓದುತ್ತದೆ. ಕನ್ನಡದ ಪಾಡು ಮಾತ್ರ ತುಸು ಬೇರೆ. ಯುಟಿಎಫ್-8 ಸಂಕೇತಕ್ರಮದಲ್ಲಿ ‘ಕ’ ಅಕ್ಷರಕ್ಕೆ 3 ಬೈಟ್ ಬೇಕು. ಸರ್ವರ್ ತನ್ನ ಸಂಕೇತಕ್ರಮವನ್ನು ತಿಳಿಸದಿದ್ದಲ್ಲಿ ಪೈಥಾನ್‌ನ ಜನಪ್ರಿಯ ‘ರಿಕ್ವೆಸ್ಟ್ಸ್’ ಲೈಬ್ರರಿಯು ಐಎಸ್‌ಒ-8859-1 ಎಂದೇ ಭಾವಿಸುವುದರಿಂದ, ಆ ಒಂದಕ್ಷರ ಮೂರು ಅಸಂಬದ್ಧ ಚಿಹ್ನೆಗಳಾಗಿ ಒಡೆಯುತ್ತದೆ. ಓದುವ ಮುನ್ನವೇ ಯುಟಿಎಫ್-8 ಎಂದು ಸೂಚಿಸಿದರೆ ದೋಷ ನಿವಾರಣೆಯಾಗುತ್ತದೆ.

ಯೂನಿಕೋಡ್ ಬಳಕೆಗೆ ಮೊದಲು ನುಡಿ, ಬರಹ ಫಾಂಟ್‌ಗಳಲ್ಲಿ ಸಿದ್ಧವಾದ ಹಳೆಯ ಪುಟಗಳಿಗೆ ಈ ಉಪಾಯ ಫಲಿಸದು. ಬ್ರೌಸರ್‌ನ ಶೀರ್ಷಿಕೆ ಪಟ್ಟಿಗೆ ಪುಟದ ಫಾಂಟ್ ಅನ್ವಯಿಸದ ಕಾರಣ ಅಂತಹ ಅನೇಕ ಪುಟಗಳ ‘ಟೈಟಲ್’ ಇಂಗ್ಲಿಷಿನಲ್ಲೇ ಇದೆ. ಕನ್ನಡ ತಲೆಬರಹ ಬೇಕಿದ್ದರೆ ಅದನ್ನು ಪುಟದ ಒಡಲಿನಿಂದ ಹೆಕ್ಕಿ, ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು.