ಜಾಗ ಬಿಟ್ಟುಕೊಟ್ಟವರು: ಮಲಾಡಿನ ಇಗರ್ಜಿಯ ಸುತ್ತ ಒಂದು ಚರಿತ್ರೆ

ಮುಂಬಯಿಯ ಮಲಾಡ್ ಸ್ಟೇಷನ್ನಿನಲ್ಲಿ ಪಶ್ಚಿಮಕ್ಕೆ ಇಳಿದು ಮಾರ್ವೆಯ ಕಡಲ ಕಡೆಗೆ ಹೋಗುವ ರಸ್ತೆ ಹಿಡಿದರೆ ದಾರಿಯಲ್ಲಿ ಓರ್ಲೆಮ್ ಸಿಗುತ್ತದೆ. ಅಲ್ಲಿರುವ ಲೂರ್ದು ಮಾತೆಯ ಇಗರ್ಜಿ 1916ರದು. ಇಂದು ಅದು ಮುಂಬಯಿಯ ದೊಡ್ಡ ಕ್ರೈಸ್ತ ಧರ್ಮಕೇಂದ್ರಗಳಲ್ಲಿ ಒಂದು. ಅಲ್ಲಿ ಸೇರುವವರು ಮನೆಯಲ್ಲಿ ಆಡುವ ಮಾತು ಒಂದೇ ಅಲ್ಲ. ಮೂಲನಿವಾಸಿಗಳಾದ ಈಸ್ಟ್ ಇಂಡಿಯನ್ನರದು ಮರಾಠಿಯ ಒಂದು ಬಗೆ. ಗೋವೆಯವರದು ಒಂದು ಕೊಂಕಣಿ, ಮಂಗಳೂರಿನವರದು ಇನ್ನೊಂದು. ಮಂಗಳೂರಿನ ಅಜ್ಜಿಯ ಪ್ರಾರ್ಥನೆ ಪುಸ್ತಕ ಕನ್ನಡ ಲಿಪಿಯಲ್ಲಿದ್ದರೆ ಗೋವೆಯ ಅಜ್ಜಿಯದು ರೋಮನ್ ಲಿಪಿಯಲ್ಲಿ. ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಓದಲಾರರು. ಆದರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ.

ಧರ್ಮೋಪದೇಶದ ತರಗತಿಗೆ ಹೋಗುವ ಮಗುವಿಗೆ ಸದ್ಗುಣಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುತ್ತಾರೆ. ವಿಶ್ವಾಸ, ಭರವಸೆ, ಪ್ರೀತಿ ಎಂಬ ಮೂರು. ವಿವೇಕ, ನ್ಯಾಯ, ಧೈರ್ಯ, ಸಂಯಮ ಎಂಬ ನಾಲ್ಕು. ಇವು ಒಬ್ಬೊಬ್ಬ ಮನುಷ್ಯನ ಒಳಗಿನ ಗುಣಗಳು ಎಂಬಂತೆ ನಾವು ಮಾತಾಡುತ್ತೇವೆ. ಒಂದು ಸಮುದಾಯದಲ್ಲಿ ಈ ಗುಣಗಳು ಇದ್ದವೋ ಇಲ್ಲವೋ ಎಂದು ಚರಿತ್ರೆಯಲ್ಲಿ ತಿಳಿಯುವುದು ಹೇಗೆ? ಪ್ರವಚನಗಳಿಂದ ತಿಳಿಯುವುದಿಲ್ಲ, ಏಕೆಂದರೆ ಜಗಳವಾಡಿದವರೂ ಒಳ್ಳೆಯ ಪ್ರವಚನ ಮಾಡಿದ್ದಾರೆ. ನನಗೆ ಕಾಣುವ ಅಳತೆಗೋಲು ಒಂದೇ: ಯಾರು, ಯಾವಾಗ, ಯಾರಿಗೆ ಜಾಗ ಬಿಟ್ಟುಕೊಟ್ಟರು? ಮಲಾಡಿನ ಚರಿತ್ರೆಯನ್ನು ಈ ಪ್ರಶ್ನೆಯ ಜೊತೆ ಓದಿ ನೋಡೋಣ.

ಮೊದಲು ಸ್ವಲ್ಪ ಹಿಂದೆ ಹೋಗಬೇಕು. ಮಲಾಡ್ ಇರುವುದು ಹಳೆಯ ಸಾಷ್ಟಿ ದ್ವೀಪದಲ್ಲಿ. 1534ರ ಒಪ್ಪಂದದಿಂದ ವಸಾಯಿ ಮತ್ತು ಅದಕ್ಕೆ ಸೇರಿದ ಈ ದ್ವೀಪ ಗುಜರಾತಿನ ಸುಲ್ತಾನನ ಕೈಯಿಂದ ಪೋರ್ಚುಗೀಸರಿಗೆ ಬಂತು. ಅವರ ಹಿಂದೆಯೇ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಬಂದರು. ಓರ್ಲೆಮ್ ದಾಟಿ ಮಢದ ಕಡೆಗೆ ಹೋದರೆ ಎರಂಗಳದ ಕಡಲತೀರದಲ್ಲಿ ಸಂತ ಬೊನವೆಂಚರ್ ಅವರ ಇಗರ್ಜಿ ಇದೆ. ಅದು ಫ್ರಾನ್ಸಿಸ್ಕನ್ನರು 1575ರಲ್ಲಿ ಕಟ್ಟಿದ್ದು. ಆ ಕಾಲದಲ್ಲಿ ಇಗರ್ಜಿಯ ಬೆನ್ನಿಗೆ ಅರಸೊತ್ತಿಗೆ ಇತ್ತು. ಮತಾಂತರದಲ್ಲಿ ಮನಸ್ಸಿನ ಪಾಲೆಷ್ಟು, ಅಧಿಕಾರದ ಒತ್ತಡದ ಪಾಲೆಷ್ಟು ಎಂಬುದನ್ನು ಇಂದು ಬಿಡಿಸಿ ಹೇಳುವುದು ಕಷ್ಟ. ಮಂಡಪೇಶ್ವರದ ಹಿಂದೂ ಗುಹಾದೇವಾಲಯ ಕ್ರೈಸ್ತರ ಪೂಜಾಸ್ಥಳವಾದದ್ದೂ ಇದೇ ಕಾಲದಲ್ಲಿ. ಅಂದರೆ ಈ ಚರಿತ್ರೆ ಶುರುವಾಗುವುದೇ ಇನ್ನೊಬ್ಬರ ಜಾಗವನ್ನು ತೆಗೆದುಕೊಳ್ಳುವುದರಿಂದ. ಅದನ್ನು ಮುಚ್ಚಿಟ್ಟು ಮುಂದಿನದನ್ನು ಹೇಳಿದರೆ ಅರ್ಥವಿಲ್ಲ.

ಪರೀಕ್ಷೆ ಬಂದದ್ದು 1739ರಲ್ಲಿ. ಚಿಮಾಜಿ ಅಪ್ಪನ ನೇತೃತ್ವದ ಮರಾಠಾ ಸೇನೆ ವಸಾಯಿ ಕೋಟೆಯನ್ನು ಗೆದ್ದಿತು. ಯುರೋಪಿನ ಪಾದ್ರಿಗಳು ಹೊರಟುಹೋದರು. ಉಳಿದ ಜನರನ್ನು ನೋಡಿಕೊಳ್ಳುವ ಹೊಣೆ ಕೆಲವೇ ದೇಶೀಯ ಪಾದ್ರಿಗಳ ಮೇಲೆ ಬಿತ್ತು. ಈಗ ಕ್ರೈಸ್ತನಾಗಿ ಉಳಿಯುವುದರಿಂದ ಯಾವ ಲೌಕಿಕ ಲಾಭವೂ ಇರಲಿಲ್ಲ. ಸಾಷ್ಟಿಯ ಬೇಸಾಯಗಾರರು, ಮೀನುಗಾರರು, ಸೇಂದಿ ಇಳಿಸುವವರು ತಮ್ಮ ವಿಶ್ವಾಸವನ್ನು ಬಿಡಬಹುದಿತ್ತು. ಬಹಳ ಮಂದಿ ಬಿಡಲಿಲ್ಲ. ಊರಿನ ಶಿಲುಬೆಯ ಮುಂದೆ ಸಂಜೆ ಸೇರಿ, ಪಾದ್ರಿ ಇಲ್ಲದಿದ್ದರೂ ಜಪಮಾಲೆ ಹೇಳಿ, ಲದಿನ್ ಹಾಡಿ ಮನೆಗೆ ಹೋಗುವ ರೂಢಿ ಇಂಥ ಊರುಗಳನ್ನು ಹಿಡಿದು ನಿಲ್ಲಿಸಿತು. ಇಂದಿಗೂ ಈ ಕಡೆಯ ಗಾವಠಾಣಗಳ ಓಣಿಗಳಲ್ಲಿ ಇಗರ್ಜಿಗಿಂತ ಮೊದಲು ಕಣ್ಣಿಗೆ ಬೀಳುವುದು ಶಿಲುಬೆ. ಮುಂದೆ 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗಲೂ ಜನ ಓಣಿ ಓಣಿಗಳಲ್ಲಿ ಹೊಸ ಶಿಲುಬೆಗಳನ್ನು ನೆಟ್ಟು ಅವುಗಳ ಬುಡದಲ್ಲೇ ಸೇರಿ ಪ್ರಾರ್ಥಿಸಿದರು.

ನಮ್ಮ ಕರಾವಳಿಯ ಓದುಗರಿಗೆ ಇಲ್ಲಿ ಇನ್ನೊಂದು ನೆನಪು ಬಂದೀತು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅವರ ಸಂಖ್ಯೆಯ ಬಗ್ಗೆ ಇತಿಹಾಸಕಾರರ ಲೆಕ್ಕಗಳು ಒಂದಕ್ಕೊಂದು ಹೊಂದುವುದಿಲ್ಲ. ಆದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂದಿರುಗಿದವರು ಹೋದವರಿಗಿಂತ ಬಹಳ ಕಡಿಮೆ ಎಂಬುದರಲ್ಲಿ ಸಂಶಯವಿಲ್ಲ. ಬಂದವರು ಕೆಡವಿದ ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡರು. ಮಂಗಳೂರು ಕಡೆಯ ಇಗರ್ಜಿಗಳಲ್ಲಿ ಇಂದಿಗೂ ಊರನ್ನು ವಾಡೊಗಳಾಗಿ ಹಂಚಿಕೊಂಡು, ವಾಡೊಗೊಬ್ಬ ಗುರ್ಕಾರನನ್ನು ಇಟ್ಟುಕೊಳ್ಳುತ್ತಾರೆ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಜಗಳ, ಯಾರಿಗೆ ಮದುವೆಯ ಖರ್ಚಿಗೆ ಕೈ ಸಾಲದು ಎಂಬುದನ್ನು ಪಾದ್ರಿಗಿಂತ ಮೊದಲು ತಿಳಿದಿರಬೇಕಾದವನು ಅವನು. ಸಾಷ್ಟಿಯ ಶಿಲುಬೆ ಮತ್ತು ಮಂಗಳೂರಿನ ವಾಡೊ ಎರಡೂ ಹೇಳುವುದು ಒಂದೇ ಮಾತು. ಸಮುದಾಯದ ಬಾಳು ಪಾದ್ರಿಯೊಬ್ಬನ ಕೈಯಲ್ಲಿಲ್ಲ, ನೆರೆಹೊರೆಯವರ ಕೈಯಲ್ಲಿದೆ.

ಕಷ್ಟದ ಕಾಲ ಕಳೆದ ಮೇಲೆ ಏನಾಯಿತು? ಇಲ್ಲಿಂದ ಕತೆ ಅಷ್ಟು ಚಂದವಿಲ್ಲ. ಪೋರ್ಚುಗಲ್ಲಿನ ದೊರೆಗೆ ಪೋಪರು ಕೊಟ್ಟಿದ್ದ ಪದ್ರುವಾದೊ ಎಂಬ ಹಕ್ಕಿನ ಪ್ರಕಾರ ಈ ಭಾಗದ ಇಗರ್ಜಿಗಳು ಗೋವೆಯ ಆರ್ಚ್‌ಬಿಷಪ್ಪರ ಕೈಕೆಳಗಿದ್ದವು. ಬ್ರಿಟಿಷರು 1720ರಲ್ಲಿ ಮುಂಬಯಿ ದ್ವೀಪದಿಂದ ಪೋರ್ಚುಗೀಸ್ ಫ್ರಾನ್ಸಿಸ್ಕನ್ನರನ್ನು ಹೊರಹಾಕಿ, ರೋಮ್ ನೇರವಾಗಿ ನೇಮಿಸಿದ ಪಾದ್ರಿಗಳನ್ನು ಕರೆತಂದರು. ಜನ ಎರಡು ಪಂಗಡವಾದರು. 1794ರಲ್ಲಿ ಬ್ರಿಟಿಷ್ ಸರಕಾರ ಇಗರ್ಜಿಗಳನ್ನೇ ಪಾಲು ಮಾಡಿ, ಇಷ್ಟು ಅವರಿಗೆ ಇಷ್ಟು ಇವರಿಗೆ ಎಂದು ಹಂಚಿತು. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡ ಹಾಗೆ. 1853ರಲ್ಲಂತೂ ರೋಮಿನ ಪಂಗಡದ ಬಿಷಪ್ ಅನಸ್ತಾಸಿಯಸ್ ಹಾರ್ಟ್‌ಮನ್ ಮಾಹಿಮಿನ ಸಂತ ಮೈಕಲರ ಇಗರ್ಜಿಯನ್ನು ಬಿಡುವುದಿಲ್ಲವೆಂದು ಒಳಗೆ ಕೂತರು, ಎದುರು ಪಂಗಡದವರು ಹೊರಗೆ ಮುತ್ತಿಗೆ ಹಾಕಿದರು. ಸರಕಾರವೇ ನಡುವೆ ಬಂದು ಬಿಡಿಸಬೇಕಾಯಿತು.

ಎರಡೂ ಕಡೆಯವರ ನಂಬಿಕೆ ಒಂದೇ, ಪೂಜೆ ಒಂದೇ, ಪೋಪರೂ ಒಬ್ಬರೇ. ಅದೇ ಸದ್ಗುಣಗಳ ಪಟ್ಟಿಯನ್ನು ಇಬ್ಬರೂ ಮಕ್ಕಳಿಗೆ ಕಲಿಸುತ್ತಿದ್ದರು. ಧೈರ್ಯ, ನಿಷ್ಠೆ ಎರಡೂ ಅವರಲ್ಲಿ ಧಾರಾಳವಾಗಿ ಇದ್ದವು. ಇಲ್ಲದ್ದು ಬಿಟ್ಟುಕೊಡುವ ಗುಣ. 1886ರ ಒಪ್ಪಂದ ಈ ಬಿಕ್ಕಟ್ಟನ್ನು ಅರ್ಧ ಬಗೆಹರಿಸಿತು. ಇಬ್ಬರು ಧರ್ಮಾಧ್ಯಕ್ಷರ ಆಳ್ವಿಕೆ ಪೂರ್ತಿ ಕೊನೆಗೊಂಡದ್ದು 1928ರಲ್ಲಿ. ಒಂದು ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದ ಈ ಜಗಳ ನಮಗೆ ಕಲಿಸುವ ಪಾಠ ಸಣ್ಣದಲ್ಲ: ದಬ್ಬಾಳಿಕೆಯನ್ನು ತಾಳಿಕೊಂಡ ಸಮುದಾಯವೂ ಸೊತ್ತಿನ ಪ್ರಶ್ನೆ ಬಂದಾಗ ಎಡವಬಲ್ಲದು.

ಅದೇ 1928ರಲ್ಲಿ ಮಲಾಡಿನ ಪಾಲಿಗೆ ಇನ್ನೊಂದು ಘಟನೆ ನಡೆಯಿತು. ಕೊಲಾಬಾದಿಂದ ಬೋರಿವಲಿಯವರೆಗೆ ವಿದ್ಯುತ್ ರೈಲು ಓಡಲು ಶುರುವಾಯಿತು. ಗದ್ದೆ, ತೆಂಗು, ತಾಳೆಮರಗಳ ಊರಾಗಿದ್ದ ಮಲಾಡ್ ಕೋಟೆ ಪ್ರದೇಶದ ಆಫೀಸುಗಳಿಗೆ ಹತ್ತಿರವಾಯಿತು. ಗೋವೆಯಿಂದ, ಮಂಗಳೂರಿನಿಂದ ಕೆಲಸ ಹುಡುಕಿ ಬಂದ ಗುಮಾಸ್ತರು, ಟೈಪಿಸ್ಟರು, ದಾದಿಯರು, ಅಡಿಗೆಯವರು, ಹಡಗಿನ ಕೆಲಸದವರು ಬಾಡಿಗೆ ಕಡಿಮೆಯಿರುವ ಜಾಗವನ್ನು ಹುಡುಕುತ್ತ ಉಪನಗರಗಳ ಕಡೆ ಸರಿದರು.

ಊರಿನವರು ಅವರನ್ನು ಹೇಗೆ ಕಂಡರು? ‘ಈಸ್ಟ್ ಇಂಡಿಯನ್’ ಎಂಬ ಹೆಸರಿನ ಹುಟ್ಟಿನಲ್ಲೇ ಇದಕ್ಕೆ ಒಂದು ಉತ್ತರವಿದೆ. 1887ರಲ್ಲಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣೋತ್ಸವದ ವರ್ಷ, ಸಾಷ್ಟಿ, ವಸಾಯಿ, ಮುಂಬಯಿಯ ಮೂಲ ಕ್ರೈಸ್ತರು ಈ ಹೆಸರು ಇಟ್ಟುಕೊಂಡು ಬಾಂಬೆ ಈಸ್ಟ್ ಇಂಡಿಯನ್ ಅಸೋಸಿಯೇಷನ್ ಕಟ್ಟಿದರು. ಹೊರಗಿನಿಂದ ಬಂದ ಗೋವೆಯವರಿಂದ, ಮಂಗಳೂರಿನವರಿಂದ ತಾವು ಬೇರೆ ಎಂದು ತೋರಿಸುವುದು ಅದರ ಉದ್ದೇಶಗಳಲ್ಲಿ ಒಂದು. ಸರಕಾರಿ ಕೆಲಸಗಳಿಗೆ ಪೈಪೋಟಿ ಇತ್ತು, ಆತಂಕವಿತ್ತು. ಅದು ಸಹಜವೇ. ಕೊಂಚ ಕಲ್ಪಿಸಿಕೊಳ್ಳಿ: ತಲೆಮಾರುಗಳಿಂದ ನಿಮ್ಮವರೇ ಕಾಪಾಡಿಕೊಂಡು ಬಂದ ಇಗರ್ಜಿಯಲ್ಲಿ ಒಂದು ಭಾನುವಾರ ನೋಡಿದರೆ ಅರ್ಧ ಬೆಂಚುಗಳಲ್ಲಿ ಗುರುತಿಲ್ಲದ ಮುಖಗಳು. ಓರ್ಲೆಮಿನಲ್ಲಿ ಆದದ್ದು ಇದೇ. ಊರಿನವರು ಕ್ರಮೇಣ ತಮ್ಮದೇ ಇಗರ್ಜಿಯಲ್ಲಿ ಹಲವರಲ್ಲಿ ಒಬ್ಬರಾದರು. ಆದರೆ ಬಾಗಿಲು ಮುಚ್ಚಲಿಲ್ಲ, ಮಾಹಿಮಿನ ಹಾಗೆ ಮುತ್ತಿಗೆ ನಡೆಯಲಿಲ್ಲ. ಹಬ್ಬಗಳನ್ನು ನೋಡಿದರೆ ಈ ಹೊಂದಾಣಿಕೆ ಕಣ್ಣಿಗೆ ಕಾಣುತ್ತದೆ. ಮಂಗಳೂರಿನವರು ಸೆಪ್ಟೆಂಬರ್ 8ರಂದು ಮೊಂತಿ ಫೆಸ್ತ್ ಆಚರಿಸಿ, ಮಾತೆಗೆ ಹೂ ಹಾಕಿ, ಹೊಸ ತೆನೆ ಮನೆಗೆ ತಂದು ಸಸ್ಯಾಹಾರದ ಊಟ ಮಾಡುತ್ತಾರೆ. ಈಸ್ಟ್ ಇಂಡಿಯನ್ನರಿಗೆ ಅಕ್ಟೋಬರಿನಲ್ಲಿ ಅಗೇರಾ, ಅದೂ ಹೊಸ ಬೆಳೆಯ ಹಬ್ಬವೇ. ಗದ್ದೆ ಕಳೆದುಕೊಂಡ ಇಬ್ಬರೂ ಭತ್ತದ ತೆನೆಗೆ ಇನ್ನೂ ಕೃತಜ್ಞತೆ ಹೇಳುತ್ತಾರೆ.

ಹೊಸದಾಗಿ ಬಂದವರಿಗೆ ಕೂರಲು ಬೆಂಚು ಸಿಕ್ಕರೆ ಸಾಕೇ? ಬಾಡಿಗೆಗೆ ಮುಂಗಡ, ತಂಗಿಯ ಮದುವೆ, ಊರಿನಲ್ಲಿ ತಂದೆಯ ಕಾಯಿಲೆ ಎಂದು ಹಣ ಬೇಕಾಗುತ್ತದೆ. ದುಡ್ಡಿನ ಪೇಟೆಯಲ್ಲಿ ಬಡ ಗುಮಾಸ್ತನಿಗೆ ಜಾಮೀನು ನಿಲ್ಲುವವರಾರು? ಓರ್ಲೆಮಿನ ಇಗರ್ಜಿ ಹುಟ್ಟಿದ ಅದೇ 1916ರಲ್ಲಿ ಮುಂಬಯಿಯಲ್ಲಿ ಮಂಗಳೂರು ಕ್ಯಾಥೊಲಿಕರ ಸಹಕಾರಿ ಪತ್ತಿನ ಸಂಘ ಹುಟ್ಟಿತು. ಮುಂದೆ ಮಾಡೆಲ್ ಕೋ-ಆಪರೇಟಿವ್ ಬ್ಯಾಂಕ್ ಆದದ್ದು ಅದೇ. ಮಂಗಳೂರಿನಲ್ಲಿ ಅದಕ್ಕೂ ನಾಲ್ಕು ವರ್ಷ ಮೊದಲು, 1912ರಲ್ಲಿ, ಪಿ. ಎಫ್. ಎಕ್ಸ್. ಸಲ್ಡಾನ್ಹಾ ಕ್ಯಾಥೊಲಿಕ್ ಸಹಕಾರಿ ಬ್ಯಾಂಕನ್ನು ಕಟ್ಟಿದ್ದರು.

ಈ ಸಹಕಾರದ ಬೇರು ಎಲ್ಲಿಯದು ಎಂದು ಹುಡುಕಿದರೆ ಜರ್ಮನಿಯ ಹಳ್ಳಿಗಳಿಗೆ ಹೋಗುತ್ತೇವೆ. ಫ್ರೀಡ್ರಿಖ್ ವಿಲ್ಹೆಲ್ಮ್ ರೈಫೈಸನ್ ಎಂಬ ಪುರಸಭಾಧ್ಯಕ್ಷ 1840ರ ದಶಕದ ಕ್ಷಾಮದಲ್ಲಿ ಸಿರಿವಂತರ ದಾನದಿಂದ ಬಡವರಿಗೆ ರೊಟ್ಟಿ ಹಂಚಿಸಿದ. ದಾನ ಬಹಳ ದಿನ ನಡೆಯುವುದಿಲ್ಲ ಎಂದು ಅವನಿಗೆ ಅನುಭವದಿಂದ ತಿಳಿಯಿತು. 1864ರಲ್ಲಿ ಅವನು ಹೆಡ್ಡೆಸ್‌ಡಾರ್ಫಿನಲ್ಲಿ ಕಟ್ಟಿದ ಸಾಲದ ಸಂಘದಲ್ಲಿ ಸಾಲ ಪಡೆಯುವವರೇ ಸದಸ್ಯರು, ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ನೆರೆಯವರ ಪ್ರೀತಿ ಎಂಬ ಕ್ರೈಸ್ತ ಕರ್ತವ್ಯವೇ ಇದರ ಬುನಾದಿ ಎಂದು ಅವನು ನಂಬಿದ್ದ. ಮದ್ರಾಸ್ ಪ್ರಾಂತದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಈ ಪದ್ಧತಿಯನ್ನು ಅಧ್ಯಯನ ಮಾಡಿ ವರದಿ ಕೊಟ್ಟರು. 1904ರಲ್ಲಿ ಭಾರತದ ಸಹಕಾರಿ ಕಾನೂನು ಬಂತು. ಮರುವರ್ಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಒಂದು ಧರ್ಮದ ಒಳಗೆ ಹುಟ್ಟಿದ ಸದ್ಗುಣ ಗದಗಿನ ರೈತರ ಕೈಗೆ ಬಂದಾಗ ಯಾವ ಧರ್ಮದ್ದೂ ಆಗಿರಲಿಲ್ಲ, ಎಲ್ಲರದ್ದೂ ಆಗಿತ್ತು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ಸಹಕಾರದಲ್ಲಿ ಕೊಡುವವನು ತನ್ನ ಮೇಲ್ಮೆಯನ್ನು ಬಿಟ್ಟುಕೊಡಬೇಕಾಗುತ್ತದೆ. ಪ್ರೀತಿಯ ಲೆಕ್ಕಪುಸ್ತಕ ಎಂದರೆ ಇದೇ.

ಕೆಳಗಿನವರು ಬಿಟ್ಟುಕೊಟ್ಟದ್ದಾಯಿತು. ಮೇಲಿನವರು? 1928ರ ಒಪ್ಪಂದದ ಪ್ರಕಾರ ಮುಂಬಯಿಯ ಆರ್ಚ್‌ಬಿಷಪ್ ಸ್ಥಾನಕ್ಕೆ ಒಮ್ಮೆ ಪೋರ್ಚುಗೀಸರು, ಒಮ್ಮೆ ಬ್ರಿಟಿಷರು ಸರದಿಯಂತೆ ಬರಬೇಕಿತ್ತು. ಭಾರತೀಯರ ಸರದಿ ಪಟ್ಟಿಯಲ್ಲೇ ಇರಲಿಲ್ಲ. 1937ರಲ್ಲಿ ಥಾಮಸ್ ರಾಬರ್ಟ್ಸ್ ಎಂಬ ಇಂಗ್ಲಿಷ್ ಜೆಸ್ವಿಟ್ ಪಾದ್ರಿ ಆ ಸ್ಥಾನಕ್ಕೆ ಬಂದರು. ಈ ನಾಡಿನ ಇಗರ್ಜಿಯನ್ನು ಈ ನಾಡಿನವರೇ ನಡೆಸಬೇಕು ಎಂಬುದು ಅವರಿಗೆ ಮನವರಿಕೆಯಾಯಿತು. 1946ರಲ್ಲಿ ವಲೇರಿಯನ್ ಗ್ರೇಶಿಯಸ್ ಸಹಾಯಕ ಬಿಷಪ್ಪರಾದರು. ರಾಬರ್ಟ್ಸ್ ಆಡಳಿತವನ್ನು ಅವರ ಕೈಗೆ ಬಿಟ್ಟು ಮುಂಬಯಿಯಿಂದ ಹೊರಟುಹೋದರು. ಕೂಡಲೇ ರಾಜೀನಾಮೆ ಕೊಟ್ಟರೆ ಸರದಿ ಪೋರ್ಚುಗೀಸರಿಗೆ ಹೋಗುತ್ತಿತ್ತು. ಹೆಸರಿಗೆ ಮಾತ್ರ ಆರ್ಚ್‌ಬಿಷಪ್ಪರಾಗಿ ನಾಲ್ಕು ವರ್ಷ ದೂರ ಉಳಿದರು. 1950ರಲ್ಲಿ ಪೋರ್ಚುಗಲ್ ತನ್ನ ಹಕ್ಕನ್ನು ಬಿಟ್ಟುಕೊಟ್ಟಿತು, ರಾಬರ್ಟ್ಸ್ ರಾಜೀನಾಮೆ ಕೊಟ್ಟರು, ಗ್ರೇಶಿಯಸ್ ಮುಂಬಯಿಯ ಮೊದಲ ಭಾರತೀಯ ಆರ್ಚ್‌ಬಿಷಪ್ಪರಾದರು. 1953ರಲ್ಲಿ ಅವರು ಭಾರತದ ಮೊದಲ ಕಾರ್ಡಿನಲ್ ಕೂಡ ಆದರು. ಕರಾಚಿಯಲ್ಲಿ ಹುಟ್ಟಿದ ಈ ಗೋವೆಯ ಮನೆತನದ ಮಗ ಗುರುಶಿಕ್ಷಣಕ್ಕೆ ಬಂದದ್ದು ಮಂಗಳೂರಿನ ಸಂತ ಜೋಸೆಫರ ಸೆಮಿನರಿಗೆ.

ಮಾಹಿಮಿನಲ್ಲಿ ಹಾರ್ಟ್‌ಮನ್ ಇಗರ್ಜಿಯನ್ನು ಬಿಡದೆ ಕೂತದ್ದನ್ನೂ, ರಾಬರ್ಟ್ಸ್ ಪೀಠ ಬಿಟ್ಟು ಎದ್ದು ಹೋದದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ವಿಶ್ವಾಸಿಗಳು. ಒಬ್ಬರಿಂದ ಮುತ್ತಿಗೆ ಬಂತು, ಇನ್ನೊಬ್ಬರಿಂದ ದಾರಿ ತೆರೆಯಿತು.

ಈ ಲೆಕ್ಕ ಇನ್ನೂ ಮುಗಿದಿಲ್ಲ. ಮಂಗಳೂರು ಕ್ರೈಸ್ತರಲ್ಲಿ ಬಾಮೊಣ್, ಚಾರೊಡಿ, ಸುದಿರ್ ಎಂಬ ಜಾತಿಯ ಗೆರೆಗಳು ಕಡಲ ದಾರಿಯಲ್ಲಿ ಅವರ ಜೊತೆಗೇ ಮುಂಬಯಿಗೆ ಬಂದವು. ಒಂದೇ ಬೆಂಚಿನಲ್ಲಿ ಕೂತವರು ಮದುವೆಯ ಮಾತು ಬಂದಾಗ ಬೇರೆ ಬೇರೆ ಬೆಂಚು ಹುಡುಕಿದ್ದುಂಟು. ಗಾವಠಾಣಗಳ ಸುತ್ತ ಎತ್ತರದ ಕಟ್ಟಡಗಳು ಎದ್ದು, ಎಲ್ಲರಿಗೂ ಜಾಗ ಕೊಟ್ಟ ಈಸ್ಟ್ ಇಂಡಿಯನ್ನರಿಗೇ ಜಾಗ ಸಾಲದಾಗಿದೆ. ಓರ್ಲೆಮಿನಿಂದ ಸ್ವಲ್ಪ ದೂರದ ಮಾಲವಣಿಯಲ್ಲಿ ನಗರದ ಬೇರೆ ಕಡೆಗಳಿಂದ ಎಬ್ಬಿಸಲ್ಪಟ್ಟ ಬಡವರು ಬಂದು ನೆಲೆಸಿದ್ದಾರೆ. ಅವರಲ್ಲಿ ಹೆಚ್ಚಿನವರು ಈ ಇಗರ್ಜಿಯ ಬೆಂಚಿಗೆ ಸೇರಿದವರಲ್ಲ. ಸದ್ಗುಣದ ಮುಂದಿನ ಪರೀಕ್ಷೆ ಬಹುಶಃ ಅಲ್ಲಿಯೇ ಇದೆ, ಏಕೆಂದರೆ ತನ್ನವರಿಗೆ ಜಾಗ ಕೊಡುವುದು ಅರ್ಧ ಪ್ರೀತಿ ಮಾತ್ರ.

ಇನ್ನರ್ಧ ಹೇಗಿರುತ್ತದೆ ಎಂಬುದರ ಸುಳಿವು ಎರಂಗಳದಲ್ಲಿ ಸಿಗುತ್ತದೆ. ಪ್ರತಿ ವರ್ಷ ಜನವರಿಯ ಎರಡನೆಯ ಭಾನುವಾರ ಸಂತ ಬೊನವೆಂಚರ್ ಅವರ ಜಾತ್ರೆ. ಕ್ರೈಸ್ತರ ಜೊತೆಗೆ ಹಿಂದೂ ಕೋಳಿಯವರು ಮತ್ತು ಬೇರೆ ಧರ್ಮದವರು ದೊಡ್ಡ ಸಂಖ್ಯೆಯಲ್ಲಿ ಬರುತ್ತಾರೆ, ಮೇಣದ ಬತ್ತಿ ಹಚ್ಚುತ್ತಾರೆ, ಮರಳಿನ ಮೇಲೆ ಒಲೆ ಹೂಡಿ ಅಡಿಗೆ ಮಾಡಿ ಉಣ್ಣುತ್ತಾರೆ. ಅರಸೊತ್ತಿಗೆಯ ಬಲದಲ್ಲಿ ಎದ್ದ ಇಗರ್ಜಿಯೊಂದರ ಅಂಗಳದಲ್ಲಿ ಆ ದಿನ ಯಾರನ್ನೂ ನೀನು ಯಾರ ಪೈಕಿ ಎಂದು ಕೇಳುವುದಿಲ್ಲ.