ಕ್ಯೂಸೆಕ್ ಮತ್ತು ಟಿಎಂಸಿ ಒಂದೇನಾ? ಪ್ರವಾಹದ ಸುದ್ದಿ ಓದುವ ಮುನ್ನ ತಿಳಿಯಬೇಕಾದದ್ದು

ಮಳೆಗಾಲ ಬಂತೆಂದರೆ ಜಮಖಂಡಿ, ರಬಕವಿ-ಬನಹಟ್ಟಿ, ಮುಧೋಳ, ಬೀಳಗಿ ಭಾಗದ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಎರಡು ಇಂಗ್ಲಿಷ್ ಪದಗಳು ಓಡಾಡತೊಡಗುತ್ತವೆ: ಕ್ಯೂಸೆಕ್ ಮತ್ತು ಟಿಎಂಸಿ. ಎರಡೂ ನೀರಿನ ಲೆಕ್ಕವೇ ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನು ಹೇಳಿಬಿಡುವುದು ಸಾಮಾನ್ಯ. ಆದರೆ ಹೊಳೆ ದಂಡೆಯ ಪಂಪ್‌ಸೆಟ್ ಯಾವಾಗ ಎತ್ತಬೇಕು, ದನಕರುಗಳನ್ನು ಯಾವಾಗ ಸಾಗಿಸಬೇಕು ಎಂಬುದನ್ನು ಜನ ಇದೇ ಅಂಕಿ ನೋಡಿ ತೀರ್ಮಾನಿಸುತ್ತಾರೆ.

ಕ್ಯೂಸೆಕ್ ಎಂದರೆ ಒಂದು ಸೆಕೆಂಡಿನಲ್ಲಿ ಹರಿದುಹೋಗುವ ಒಂದು ಘನ ಅಡಿ ನೀರು, ಅಂದರೆ ಸುಮಾರು 28.3 ಲೀಟರ್. 12 ಸಾವಿರ ಲೀಟರಿನ ಟ್ಯಾಂಕರ್ ತುಂಬಲು ಒಂದು ಕ್ಯೂಸೆಕ್ ಹರಿವಿಗೆ 7 ನಿಮಿಷ ಸಾಕು. ಟಿಎಂಸಿ ಎಂದರೆ ಸಾವಿರ ಮಿಲಿಯನ್, ಅಂದರೆ 100 ಕೋಟಿ ಘನ ಅಡಿ ನೀರು. ಇದು ಸಂಗ್ರಹದ ಲೆಕ್ಕ, ಇದರಲ್ಲಿ ಸಮಯದ ಮಾತೇ ಇಲ್ಲ. ಕ್ಯೂಸೆಕ್ ಬೈಕಿನ ವೇಗವಿದ್ದಂತೆ, ಟಿಎಂಸಿ ಅದು ಓಡಿದ ದೂರವಿದ್ದಂತೆ.

ಹಾಗಾಗಿ ‘1 ಲಕ್ಷ ಕ್ಯೂಸೆಕ್ ನೀರು ಬಿಟ್ಟಿದ್ದಾರೆ’ ಎಂಬ ಮಾತು ಅರ್ಧ ಮಾಹಿತಿ ಮಾತ್ರ. ಎಷ್ಟು ಹೊತ್ತು ಎಂಬುದು ಗೊತ್ತಾಗಬೇಕು. ಒಂದು ದಿನದಲ್ಲಿ 86,400 ಸೆಕೆಂಡುಗಳಿವೆ. 1 ಲಕ್ಷ ಕ್ಯೂಸೆಕ್ ಇಡೀ ದಿನ ಹರಿದರೆ 8.64 ಟಿಎಂಸಿ ಆಗುತ್ತದೆ, ಒಂದೇ ಗಂಟೆ ಹರಿದರೆ 0.36 ಟಿಎಂಸಿ. ಈ ಗುಣಾಕಾರ ಬಂದರೆ ಸುದ್ದಿಯ ಅರ್ಧ ಗೊಂದಲ ಮುಗಿಯಿತು.

ಹಿಪ್ಪರಗಿ ಬ್ಯಾರೇಜನ್ನೇ ನೋಡೋಣ. ಅದರ ಸಾಮರ್ಥ್ಯ ಸುಮಾರು 6 ಟಿಎಂಸಿ. ಅದು ಪೂರ್ತಿ ಖಾಲಿಯಿದ್ದರೂ 1 ಲಕ್ಷ ಕ್ಯೂಸೆಕ್ ಒಳಹರಿವು 17 ಗಂಟೆಯೊಳಗೆ ತುಂಬಿಸಿಬಿಡುತ್ತದೆ. ಬ್ಯಾರೇಜು ಮಹಾಪೂರ ತಡೆಯುತ್ತದೆ ಎಂಬ ನಂಬಿಕೆ ಇಲ್ಲಿಯೇ ಬಿದ್ದುಹೋಗುತ್ತದೆ. ಗೇಟು ತೆರೆದು ಬಂದಷ್ಟನ್ನೂ ಕೆಳಗೆ ಬಿಡುವುದೇ ಅಲ್ಲಿನ ದಾರಿ. ಆಲಮಟ್ಟಿಯದು 123 ಟಿಎಂಸಿ, ದೊಡ್ಡದೇ. ಆದರೆ 2019ರ ಆಗಸ್ಟ್‌ನಲ್ಲಿ ಅಲ್ಲಿಂದ ಹೊರಬಿಟ್ಟದ್ದು 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು. ಅಷ್ಟು ಹರಿವು ಮೂರು ದಿನದೊಳಗೆ ಇಡೀ ಜಲಾಶಯದಷ್ಟು ನೀರಾಗುತ್ತದೆ.

ಅಂಕಿಗಳನ್ನು ಕೂಡಿಸಬಹುದೇ?

ನಮ್ಮ ಪ್ರಕಾರ ಎಲ್ಲಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸುವ ತಪ್ಪು ಇದು. ರಾಜಾಪುರ ಬ್ಯಾರೇಜಿನಿಂದ ಇಷ್ಟು, ಹಿಪ್ಪರಗಿಯಿಂದ ಇಷ್ಟು, ಆಲಮಟ್ಟಿಯಿಂದ ಇಷ್ಟು ಎಂಬ ಸುದ್ದಿಯನ್ನು ಓದಿ ಮೂರನ್ನೂ ಕೂಡಿಸುವವರಿದ್ದಾರೆ. ಮೂರೂ ಒಂದೇ ಕೃಷ್ಣೆಯ ಮೇಲಿವೆ. ಮೇಲಿನಿಂದ ಹೊರಟ ನೀರೇ ಕೆಳಗೆ ಮತ್ತೆ ಲೆಕ್ಕಕ್ಕೆ ಸಿಗುತ್ತದೆ, ಕೂಡಿಸಿದರೆ ಒಂದೇ ನೀರನ್ನು ಮೂರು ಸಲ ಎಣಿಸಿದಂತೆ. ಬೇರೆ ಹೊಳೆ ಬಂದು ಸೇರಿದಾಗ ಮಾತ್ರ ಕೂಡಿಸಬೇಕು. ರಾಜಾಪುರದ ಹರಿವಿಗೆ ದೂಧಗಂಗೆಯದನ್ನು ಕೂಡಿಸಿ ಕಲ್ಲೋಳ ಬಳಿಯ ಒಟ್ಟು ಹರಿವು ಹೇಳುತ್ತಾರಲ್ಲ, ಅದು ಸರಿಯಾದ ಲೆಕ್ಕ. ಜಮಖಂಡಿ, ರಬಕವಿ ಕಡೆಯವರಿಗೆ ಬೇಕಾದದ್ದು ಆ ಮೊತ್ತ ಮತ್ತು ಹಿಪ್ಪರಗಿಯ ಒಳಹರಿವು.

ಮುಧೋಳದವರ ಹೊಳೆ ಘಟಪ್ರಭಾ. ಅಲ್ಲಿ ಹಿಡಕಲ್ ಜಲಾಶಯದ ಹೊರಹರಿವು ಕಡಿಮೆಯಿದೆ ಎಂದು ನಿಶ್ಚಿಂತರಾಗುವಂತಿಲ್ಲ. ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳು ಅಣೆಕಟ್ಟಿನ ಕೆಳಗೆ ಬಂದು ಸೇರುತ್ತವೆ.

ಬೀಳಗಿ ತಾಲ್ಲೂಕಿನ ಮಾತು ಬೇರೆ. ಚಿಕ್ಕಸಂಗಮದಲ್ಲಿ ಕೃಷ್ಣಾ-ಘಟಪ್ರಭಾ ಕೂಡುತ್ತವೆ, ಆಲಮಟ್ಟಿಯ ಹಿನ್ನೀರೂ ಅಲ್ಲಿಗೆ ತಲುಪುತ್ತದೆ. ಆದ್ದರಿಂದ ಅಲ್ಲಿನವರು ಮೂರನೆಯ ಅಂಕಿಯನ್ನೂ ನೋಡಬೇಕು: ಮೀಟರ್. ಆಲಮಟ್ಟಿಯ ಈಗಿನ ಗರಿಷ್ಠ ನೀರಿನ ಮಟ್ಟ 519.60 ಮೀಟರ್. ಎತ್ತರಿಸಬೇಕೆಂದಿರುವುದು 524.256 ಮೀಟರಿಗೆ. ಇದು ಸಮುದ್ರಮಟ್ಟದಿಂದ ಅಳೆದ ಎತ್ತರ, ಅಣೆಕಟ್ಟೆಯ ಎತ್ತರವೂ ಅಲ್ಲ, ನೀರಿನ ಆಳವೂ ಅಲ್ಲ. ಹೊಲದ ಬದುವಿಗೆ ನಿಂತ ನೀರು ಮುಟ್ಟುತ್ತದೆಯೇ ಎಂಬುದನ್ನು ಟಿಎಂಸಿ ನೇರವಾಗಿ ಹೇಳುವುದಿಲ್ಲ. ಜಲಾಶಯದ ಮಟ್ಟವನ್ನೂ ಹೊಲ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.